‘ತಗೋತೀವಿ’ ಅಂದ್ರೆ ಸಾಲದು: ಎಡಿಸನ್‌ನಲ್ಲಿ ನಾನು ಹಲ್ಲಿನ ಡಾಕ್ಟರನ್ನು ಹುಡುಕಿದ್ದು

ಏಪ್ರಿಲ್‌ನಲ್ಲಿ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದಿದ್ದೆ. ಜೂನ್‌ನಲ್ಲಿ 170 ಡಾಲರಿನ ಬಿಲ್ ಮನೆಗೆ ಬಂತು.

ಫೋನ್ ಮಾಡಿ ಕೇಳಿಯೇ ಹೋಗಿದ್ದೆ. ‘ನಮ್ಮ ಇನ್ಶೂರೆನ್ಸ್ ತಗೋತೀರಾ?’ ಅಂದಿದ್ದಕ್ಕೆ ‘ಓ, ತಗೋತೀವಿ’ ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಕಾರ್ಡ್ ತಗೊಂಡರು, ಅದರ ಕಾಪಿ ಮಾಡಿಕೊಂಡರು, ಕ್ಲೈಮ್ ಕಳಿಸಿದರು. ಇನ್ಶೂರೆನ್ಸಿನವರು ಕೊಟ್ಟ 170 ಡಾಲರ್ ಜಮಾ ಮಾಡಿಕೊಂಡರು. ಅವರ ರೇಟು 340. ಉಳಿದ 170 ನನ್ನ ಪಾಲಿಗೆ ಬಂತು. ‘ಕ್ಲೀನಿಂಗ್‌ಗೆ ನೂರಕ್ಕೆ ನೂರು ಕೊಡ್ತಾರೆ’ ಅಂತ ಪ್ಲ್ಯಾನಿನ ಕಾಗದದಲ್ಲಿ ಇತ್ತಲ್ಲ ಅಂತ ಜಗಳಕ್ಕೆ ಹೋದೆ. ನೂರಕ್ಕೆ ನೂರು ಅಂದರೆ ಇನ್ಶೂರೆನ್ಸಿನವರು ತಾವೇ ಗೊತ್ತು ಮಾಡಿಕೊಂಡ ರೇಟಿನ ನೂರಕ್ಕೆ ನೂರು, ಡಾಕ್ಟರ್ ಹಾಕಿದ ರೇಟಿನದಲ್ಲ ಅಂತ ಅವತ್ತು ಗೊತ್ತಾಯಿತು.

ನಾವಿರೋದು ನ್ಯೂ ಜೆರ್ಸಿಯ ಎಡಿಸನ್‌ನಲ್ಲಿ. ಓಕ್ ಟ್ರೀ ರೋಡಿನ ಹತ್ತಿರ. ನಾನು ದಾವಣಗೆರೆಯವಳು, ನಮ್ಮನೆಯವರ ಕೆಲಸಕ್ಕೆ 2017ರಲ್ಲಿ ಇಲ್ಲಿಗೆ ಬಂದೆವು. ನಮ್ಮ ಇನ್ಶೂರೆನ್ಸ್ ಅವರ ಕಂಪನಿಯದು. ಈ ದೇಶಕ್ಕೆ ಹೊಸದಾಗಿ ಬಂದ ಎಷ್ಟೋ ಜನ ಇದೇ ಪ್ರಶ್ನೆ ಕೇಳುತ್ತಾರೆ: ನಮ್ಮ ಇನ್ಶೂರೆನ್ಸ್ ನಡೆಯೋ ಹಲ್ಲಿನ ಡಾಕ್ಟರ್ ಯಾರಿದ್ದಾರೆ? ಒಂದು ಹೆಸರು ಹೇಳಿಬಿಟ್ಟರೆ ಆಗೋದಿಲ್ಲ. ನನಗೆ ನಡೆದ ಡಾಕ್ಟರ್ ನಿಮ್ಮ ಪ್ಲ್ಯಾನಿಗೆ ನಡೆಯಬೇಕು ಅಂತಿಲ್ಲ. ಅದಕ್ಕೇ ಹೆಸರು ಹೇಳದೆ, ನಾನು ಹೇಗೆ ಹುಡುಕಿದೆ ಅನ್ನೋದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇಲ್ಲಿ ಮೈಗೆ ಒಂದು ಇನ್ಶೂರೆನ್ಸ್, ಹಲ್ಲಿಗೆ ಇನ್ನೊಂದು, ಕಣ್ಣಿಗೆ ಮತ್ತೊಂದು. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ‘ಹಲ್ಲೇನು ಮೈಯಿಂದ ಹೊರಗೈತೇನೇ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೈಯ ಇನ್ಶೂರೆನ್ಸ್‌ನಲ್ಲಿ ವರ್ಷಕ್ಕೆ ಇಷ್ಟು ಖರ್ಚಾದ ಮೇಲೆ ಉಳಿದದ್ದೆಲ್ಲ ಕಂಪನಿಯದು ಅಂತ ಇರುತ್ತೆ. ಹಲ್ಲಿನದು ತಿರುಗುಮುರುಗು. ವರ್ಷಕ್ಕೆ ಕಂಪನಿ ಕೊಡೋದು ಇಷ್ಟೇ, ಆಮೇಲೆ ಎಲ್ಲ ನಿಮ್ಮದೇ. ನಮ್ಮ ಪ್ಲ್ಯಾನಿನಲ್ಲಿ ಆ ಮಿತಿ ಒಬ್ಬರಿಗೆ 1000 ಡಾಲರ್. ಕೆಲವರದು 1500, 2000 ಇರುತ್ತೆ. ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದರೆ ಅಷ್ಟೂ ಖಾಲಿ. ಹಾಗಾಗಿ ಯಾರ ಹತ್ತಿರ ಹೋಗುತ್ತೇವೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ.

ನನಗೆ ಹಲ್ಲು ನೋವು ಶುರುವಾಗಿದ್ದು ಆ 170ರ ಬಿಲ್ ಬಂದ ವರ್ಷವೇ, ನವೆಂಬರ್‌ನಲ್ಲಿ. ಕೆಳಗಿನ ಬಲಗಡೆಯ ದವಡೆ ಹಲ್ಲು. ತಣ್ಣೀರು ತಗುಲಿದರೆ ಜುಮ್ಮೆನ್ನುತ್ತಿತ್ತು. ಎರಡು ವಾರದಲ್ಲಿ ಬಿಸಿ ಕಾಫಿಗೂ ನೋವು ಬರತೊಡಗಿತು. ರಾತ್ರಿ ದಿಂಬಿಗೆ ತಲೆ ಇಟ್ಟರೆ ಕಿವಿಯವರೆಗೆ ಎಳೆಯುತ್ತಿತ್ತು. ಲವಂಗ ಇಟ್ಟುಕೊಂಡು ಎರಡು ದಿನ ತಳ್ಳಿದೆ. ಏಪ್ರಿಲ್‌ನಲ್ಲಿ ಹೋಗಿದ್ದ ಕಡೆ ಮತ್ತೆ ಹೋಗುವ ಹಾಗಿರಲಿಲ್ಲ. ಕ್ಲೀನಿಂಗ್‌ಗೇ 170 ಕೈಬಿಟ್ಟಿತ್ತು, ರೂಟ್ ಕೆನಾಲ್‌ಗೆ ಎಷ್ಟಾಗಬೇಡ!

ನನಗೆ ದಾರಿ ತೋರಿಸಿದ್ದು ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಅಕ್ಕ. ಹಾಸನದ ಕಡೆಯವರು. ಒಂದು ಡೆಂಟಲ್ ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದರು. ‘ತಗೋತೀರಾ ಅಂತ ಯಾವತ್ತೂ ಕೇಳಬೇಡ. ಯಾವ ಪಿಪಿಒ ಕಾರ್ಡ್ ತಂದರೂ ನಾವು ತಗೋತೀವಿ, ಯಾಕಂದ್ರೆ ದುಡ್ಡು ಬರೋದು ಬಿಡೋದ್ಯಾಕೆ? ನೀನು ಕೇಳಬೇಕಾಗಿದ್ದು ಇನ್-ನೆಟ್‌ವರ್ಕ್ ಇದ್ದೀರಾ ಅಂತ’ ಅಂದರು. ಪಿಪಿಒ ಅಂದರೆ ನಮ್ಮದರ ಹಾಗೆ, ಯಾವ ಡಾಕ್ಟರ ಹತ್ತಿರ ಹೋದರೂ ಒಂದಿಷ್ಟು ಕೊಡುವ ಪ್ಲ್ಯಾನ್. ಇನ್-ನೆಟ್‌ವರ್ಕ್ ಡಾಕ್ಟರ್ ಅಂದರೆ ಇನ್ಶೂರೆನ್ಸಿನ ಜೊತೆ ಕರಾರು ಮಾಡಿಕೊಂಡವರು. ಪ್ರತಿ ಕೆಲಸಕ್ಕೂ ಕರಾರಿನ ರೇಟು ಇರುತ್ತೆ. ಪ್ಲ್ಯಾನಿನಲ್ಲಿ ಇರುವ ಕೆಲಸಕ್ಕೆ ಅದಕ್ಕಿಂತ ಜಾಸ್ತಿ ನಮ್ಮಿಂದ ಕೇಳುವ ಹಾಗಿಲ್ಲ. ಕರಾರು ಇಲ್ಲದವರು ತಮ್ಮ ರೇಟಿಗೂ ಇನ್ಶೂರೆನ್ಸ್ ಕೊಟ್ಟಿದ್ದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮೇಲೆ ಹಾಕಬಹುದು. ಎರಡೂ ಕಡೆ ಕಾರ್ಡ್ ‘ತಗೋತಾರೆ’.

ಆ ಅಕ್ಕ ಡಾಕ್ಟರುಗಳ ಕಡೆಯ ಮಾತನ್ನೂ ಹೇಳಿದರು. ಕರಾರಿನ ರೇಟು ಅವರ ಮಾಮೂಲಿ ರೇಟಿಗಿಂತ ಸಾಕಷ್ಟು ಕಡಿಮೆ. ಬಾಡಿಗೆ, ಸಂಬಳ, ಲ್ಯಾಬಿನ ಖರ್ಚು ಎಲ್ಲ ಏರುತ್ತಾ ಹೋದಾಗ ಒಂದೊಂದೇ ನೆಟ್‌ವರ್ಕ್ ಬಿಡುತ್ತಾರೆ. ಈ ಮಾತು ಮುಂದೆ ನನ್ನ ವಿಷಯದಲ್ಲೂ ನಿಜವಾಯಿತು.

ಇನ್ನೊಂದು ಅವರು ಕಣ್ಣೆದುರೇ ತೋರಿಸಿದ್ದು. ‘ಕಾರ್ಡ್ ಕೊಡು ಇಲ್ಲಿ’ ಅಂತ ಇಸ್ಕೊಂಡರು. ಮುಂದುಗಡೆ ದೊಡ್ಡಕ್ಷರದಲ್ಲಿ ಇನ್ಶೂರೆನ್ಸ್ ಕಂಪನಿಯ ಹೆಸರು, ನಮ್ಮನೆಯವರ ಹೆಸರು, ಗ್ರೂಪ್ ನಂಬರ್. ಹಿಂದೆ ತಿರುಗಿಸಿದರು. ಕ್ಲೈಮ್ ಕಳಿಸುವ ವಿಳಾಸದ ಕೆಳಗೆ, ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ, ಒಂದು ನೆಟ್‌ವರ್ಕಿನ ಹೆಸರು ಇತ್ತು. ಏಳು ವರ್ಷದಿಂದ ಪರ್ಸಿನಲ್ಲಿದ್ದ ಕಾರ್ಡಿನಲ್ಲಿ ಅದನ್ನು ನಾನು ನೋಡಿಯೇ ಇರಲಿಲ್ಲ. ಒಂದೇ ಕಂಪನಿಗೆ ಎರಡು ಮೂರು ನೆಟ್‌ವರ್ಕ್ ಇರುತ್ತವೆ. ಕೆಲವು ಕಂಪನಿಗಳು ಬೇರೆಯವರ ನೆಟ್‌ವರ್ಕನ್ನು ಬಾಡಿಗೆಗೆ ತಗೊಂಡಿರುತ್ತವೆ. ಡಾಕ್ಟರು ಕಂಪನಿಯ ಒಂದು ನೆಟ್‌ವರ್ಕಿನಲ್ಲಿದ್ದು ನಮ್ಮದರಲ್ಲಿ ಇಲ್ಲದೇ ಇರಬಹುದು. ಆಗ ‘ಆ ಕಂಪನಿಯ ಇನ್-ನೆಟ್‌ವರ್ಕ್ ಹೌದು’ ಅನ್ನುವ ಉತ್ತರವೂ ನಮಗೆ ಕೆಲಸಕ್ಕೆ ಬರೋದಿಲ್ಲ. ನಿಮ್ಮ ಕಾರ್ಡ್ ಈಗಲೇ ತೆಗೆದು ತಿರುಗಿಸಿ ನೋಡಿ. ಅಲ್ಲಿ ಇಲ್ಲದಿದ್ದರೆ ಎಚ್‌ಆರ್‌ನವರ ಬೆನಿಫಿಟ್ಸ್ ಕಾಗದದಲ್ಲಿ ಇರುತ್ತೆ.

ಮಗನ ಹಳೇ ಶಾಲೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲಿ ಗೆರೆ ಎಳೆದು ಕೂತೆ. ಇನ್ಶೂರೆನ್ಸ್ ವೆಬ್‌ಸೈಟಿನ ಪಟ್ಟಿಯಲ್ಲಿ ನಮ್ಮ ಪಿನ್‌ಕೋಡಿನ ಐದು ಮೈಲಿ ಒಳಗೆ 43 ಹೆಸರು ಬಂದವು. ಕಣ್ಣಿಗೆ ಬಹಳ ಅನ್ನಿಸಿತು. ಸರಿಯಾಗಿ ನೋಡಿದರೆ ಒಬ್ಬರೇ ಡಾಕ್ಟರ್ ನಾಲ್ಕು ವಿಳಾಸಗಳಲ್ಲಿ ಇದ್ದರು. ಮಕ್ಕಳ ಡಾಕ್ಟರು, ಹಲ್ಲಿಗೆ ತಂತಿ ಕಟ್ಟುವವರು, ಬರೀ ಹಲ್ಲು ಕೀಳುವ ಸರ್ಜನ್ನುಗಳು ಎಲ್ಲ ಒಟ್ಟಿಗೇ ಸೇರಿದ್ದರು. ಅವರನ್ನೆಲ್ಲ ಬಿಟ್ಟು 14 ಕಡೆ ಫೋನ್ ಮಾಡಿದೆ. ಮೂರು ದಿನ ಮಧ್ಯಾಹ್ನ, ಬಲಗೆನ್ನೆಯ ಮೇಲೆ ಕೈಯಿಟ್ಟುಕೊಂಡು.

ಬಂದ ಉತ್ತರಗಳನ್ನು ಇದ್ದ ಹಾಗೇ ಹೇಳುತ್ತೇನೆ. ಮೂರು ಕಡೆ ಆ ಡಾಕ್ಟರೇ ಇರಲಿಲ್ಲ. ಒಬ್ಬರು ನಿವೃತ್ತರಾಗಿ ಎರಡು ವರ್ಷವಾಗಿತ್ತು, ಇಬ್ಬರು ಬೇರೆ ಊರಿಗೆ ಹೋಗಿದ್ದರು. ಎರಡು ಕಡೆ ಹೊಸ ಪೇಷಂಟ್‌ಗಳನ್ನು ತಗೊಳ್ಳುತ್ತಿರಲಿಲ್ಲ. ನಾಲ್ಕು ಕಡೆ ‘ಎಲ್ಲ ಪಿಪಿಒ ತಗೋತೀವಿ’ ಅಂದರು, ನೆಟ್‌ವರ್ಕಿನ ಹೆಸರು ಹಿಡಿದು ಕೇಳಿದ ಮೇಲೆ ‘ಅದರಲ್ಲಿ ಇಲ್ಲ’ ಅಂದರು. ಐದು ಕಡೆ ‘ಹೌದು’ ಬಂತು. ಆ ಐದರಲ್ಲಿ ಅದೇ ವಾರ ನೋಡುವವರು ಇಬ್ಬರು.

ಪಟ್ಟಿಯನ್ನು ನಂಬಿ ಸೀದಾ ಹೋಗಿದ್ದರೆ 14ರಲ್ಲಿ 9 ಬಾಗಿಲು ನನಗೆ ಮುಚ್ಚಿದ್ದವು ಅಂತಾಯಿತು. ನೋವು ಇರುವವರು, ಕೆಲಸದಿಂದ ಅರ್ಧ ದಿನ ರಜೆ ಹಾಕಿ ಹೋಗುವವರು, ಇಂಗ್ಲಿಷ್ ಅಷ್ಟಾಗಿ ಬಾರದವರು ಏನು ಮಾಡಬೇಕು? ದುಡ್ಡು ಕಟ್ಟಿಸಿಕೊಳ್ಳುವವರಿಗೆ ಪಟ್ಟಿ ಸರಿಯಾಗಿ ಇಡುವ ಹೊಣೆ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಪಟ್ಟಿ ಸರಿಯಾಗಿರಬೇಕು ಅಂತ 2016ರಿಂದ ಕಾನೂನೇ ಇದೆ. 2022ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದವರು ವೋಟು ಹಾಕಿ, ಹಲ್ಲಿನ ಇನ್ಶೂರೆನ್ಸ್ ಕಂಪನಿಗಳು ಪ್ರೀಮಿಯಂ ಹಣದಲ್ಲಿ ಶೇಕಡ 83 ಭಾಗವನ್ನಾದರೂ ಚಿಕಿತ್ಸೆಗೇ ಖರ್ಚು ಮಾಡಬೇಕು ಅಂತ ನಿಯಮ ತಂದರು. ಆ ಸುದ್ದಿ ಓದಿದಾಗ ನನಗೆ ಧೈರ್ಯ ಬಂದಿತ್ತು. ಜನ ಕೇಳಿದರೆ ಬದಲಾಗುತ್ತೆ.

ಫೋನಿನಲ್ಲಿ ನಾನು ಕೇಳುತ್ತಿದ್ದುದು ಹೀಗೆ. ಮೊದಲು ‘ತಗೋತೀರಾ’ ಅನ್ನೋ ಮಾತನ್ನೇ ತರುತ್ತಿರಲಿಲ್ಲ. ‘ನನ್ನ ಪ್ಲ್ಯಾನ್ ಇಂಥದ್ದು, ಕಾರ್ಡಿನ ಹಿಂದಿರುವ ನೆಟ್‌ವರ್ಕ್ ಇಂಥದ್ದು. ಅದರಲ್ಲಿ ನೀವು ಇನ್-ನೆಟ್‌ವರ್ಕ್ ಇದ್ದೀರಾ?’ ಅಂತ ಶುರು. ಹೌದು ಅಂದರೆ, ‘ನನ್ನನ್ನು ನೋಡೋ ಡಾಕ್ಟರ್ ಯಾರು? ಅವರು ಈ ವಿಳಾಸದಲ್ಲಿ ಇನ್-ನೆಟ್‌ವರ್ಕ್ ಇದ್ದಾರಾ?’ ಒಂದು ಆಫೀಸಿನಲ್ಲಿ ನಾಲ್ಕು ಜನ ಡಾಕ್ಟರು ಇದ್ದು, ಮೂವರು ಒಳಗೆ, ಒಬ್ಬರು ಹೊರಗೆ ಇರಬಹುದು. ಹೊಸದಾಗಿ ಸೇರಿದ ಡಾಕ್ಟರ ಕಾಗದಪತ್ರ ಮುಗಿಯೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ನಮ್ಮನ್ನು ಅವರ ಕುರ್ಚಿಗೆ ಕೂರಿಸಿದರೆ ಬಿಲ್ ಬೇರೆ.

ಆಮೇಲೆ ಅವರ ಎನ್‌ಪಿಐ ನಂಬರ್ ಕೇಳುತ್ತಿದ್ದೆ. ಇದು ಇಲ್ಲಿನ ಪ್ರತಿ ಡಾಕ್ಟರಿಗೂ ಕೇಂದ್ರ ಸರ್ಕಾರ ಕೊಟ್ಟಿರುವ 10 ಅಂಕಿಯ ನಂಬರ್. ಗುಟ್ಟಿನದಲ್ಲ, ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹೆಸರು ಹಾಕಿ ನೋಡಬಹುದು. ಅದು ಕೈಯಲ್ಲಿದ್ದರೆ ಇನ್ಶೂರೆನ್ಸಿನವರು ಹೆಸರಿನ ಗೊಂದಲ ಮಾಡಿಕೊಳ್ಳೋದಿಲ್ಲ. ಪಟೇಲ್, ಷಾ ಅನ್ನುವ ಹೆಸರಿನ ಡಾಕ್ಟರುಗಳು ಎಡಿಸನ್‌ನಲ್ಲಿ ಎಷ್ಟು ಜನ ಇದ್ದಾರೆ ಅಂತ ಇಲ್ಲಿದ್ದವರಿಗೆ ಗೊತ್ತು.

ನೆನಪಿರಲಿ, ಕೊನೆಯ ಫೋನು ಯಾವಾಗಲೂ ಇನ್ಶೂರೆನ್ಸಿಗೆ. ಕಾರ್ಡಿನ ಹಿಂದಿನ ನಂಬರಿಗೆ ಮಾಡಿ, ಆ ಎನ್‌ಪಿಐ ಹೇಳಿ, ವಿಳಾಸ ಹೇಳಿ, ‘ಇವತ್ತಿನ ತಾರೀಖಿಗೆ ಇವರು ನನ್ನ ಪ್ಲ್ಯಾನಿನಲ್ಲಿ ಇನ್-ನೆಟ್‌ವರ್ಕ್ ಹೌದಾ?’ ಅಂತ ಕೇಳಿದೆ. ಫೋನೆತ್ತಿದ ಹುಡುಗಿ ಹೌದು ಅಂದಳು. ಅವಳ ಹೆಸರು, ತಾರೀಖು, ಟೈಮು ಬರೆದುಕೊಂಡೆ. ‘ಈ ಕರೆಗೆ ರೆಫರೆನ್ಸ್ ನಂಬರ್ ಕೊಡ್ತೀರಾ?’ ಅಂದೆ. ಕೊಟ್ಟಳು. ನಾಳೆ ತಕರಾರು ಬಂದರೆ ತೋರಿಸೋಕೆ ಇರೋದು ಅದೊಂದೇ.

ಅದೇ ಕರೆಯಲ್ಲಿ ಇನ್ನಷ್ಟು ಕೇಳಿಬಿಟ್ಟೆ. ಈ ವರ್ಷದ ನನ್ನ 1000ದಲ್ಲಿ ಎಷ್ಟು ಉಳಿದಿದೆ? ಮೊದಲು ನಾನು ಕೈಯಿಂದ ಕೊಡಬೇಕಾದ 50 ಡಾಲರ್ ಡಿಡಕ್ಟಿಬಲ್ ಆಗಿದೆಯಾ? ರೂಟ್ ಕೆನಾಲ್ ನಿಮ್ಮಲ್ಲಿ ಶೇಕಡ 80ರ ಗುಂಪಿನಲ್ಲಿದೆಯಾ, 50ರ ಗುಂಪಿನಲ್ಲಿದೆಯಾ? ಇದು ಮುಖ್ಯ. ಬಹಳ ಪ್ಲ್ಯಾನ್‌ಗಳಲ್ಲಿ ಚೆಕಪ್, ಕ್ಲೀನಿಂಗ್‌ಗೆ ಶೇಕಡ 100, ಹುಳುಕು ತುಂಬಿಸೋದಕ್ಕೆ 80, ಕ್ಯಾಪ್‌ಗೆ 50 ಕೊಡುತ್ತಾರೆ. ರೂಟ್ ಕೆನಾಲ್ ಕೆಲವರಲ್ಲಿ 80, ಕೆಲವರಲ್ಲಿ 50. ನಮ್ಮದರಲ್ಲಿ 80 ಇತ್ತು. ಸದ್ಯ, ಹೊಟ್ಟೆ ತಣ್ಣಗಾಯಿತು.

ಶುಕ್ರವಾರ ಬೆಳಿಗ್ಗೆ, ಹೀಗೆ ಖಚಿತ ಮಾಡಿಕೊಂಡ ಡಾಕ್ಟರ ಹತ್ತಿರ ಹೋದೆ. ದಾವಣಗೆರೆಯಲ್ಲಿ ಅದೇ ಹಲ್ಲಿಗೆ ಹಿಂದೆ ಹುಳುಕು ತುಂಬಿಸಿದ್ದರು. ಆಗಿನ ಎಕ್ಸ್‌ರೇ ಮತ್ತು ಚೀಟಿ ಇಟ್ಟುಕೊಂಡಿದ್ದೆ, ತಗೊಂಡು ಹೋಗಿದ್ದೆ. ಚೀಟಿಯಲ್ಲಿ ‘46’ ಅಂತ ಬರೆದಿತ್ತು. ರಿಸೆಪ್ಷನ್ ಟೇಬಲಿನ ಹುಡುಗಿ ಅದನ್ನು ನೋಡಿ, ‘46? ಬಾಯಲ್ಲಿ ಇರೋದೇ 32 ಹಲ್ಲು ಅಲ್ವಾ?’ ಅಂದಳು. ಡಾಕ್ಟರು ಬಂದು ನೋಡಿ, ‘ಅದು ಇಂಡಿಯಾದ ಲೆಕ್ಕ. ಅಲ್ಲಿಯ 46 ನಮಗೆ 30’ ಅಂದರು. ನಮ್ಮ ಕಡೆ ಬಾಯಿಯನ್ನು ನಾಲ್ಕು ಭಾಗ ಮಾಡಿ ಪ್ರತಿ ಭಾಗದಲ್ಲಿ ಒಂದರಿಂದ ಎಂಟು ಎಣಿಸುತ್ತಾರೆ. ಕೆಳಗಿನ ಬಲಭಾಗ ನಾಲ್ಕನೆಯದು, ಅದರಲ್ಲಿ ಆರನೇ ಹಲ್ಲು, ಹಾಗಾಗಿ 46. ಇಲ್ಲಿ ಮೇಲಿನ ಬಲಗಡೆಯ ಕೊನೆಯ ಹಲ್ಲಿನಿಂದ ಶುರು ಮಾಡಿ ಸುತ್ತಿಕೊಂಡು 32ರವರೆಗೆ ಎಣಿಸುತ್ತಾರೆ. ಊರಿನಿಂದ ಹಲ್ಲಿನ ಕಾಗದ ತಂದಿರುವವರು ಇದನ್ನು ಮೊದಲೇ ಹೇಳಿ. ಕ್ಲೈಮಿನಲ್ಲಿ ಹಲ್ಲಿನ ನಂಬರ್ ತಪ್ಪಿದರೆ ಸರಿಮಾಡಿಸೋಕೆ ವಾರಗಟ್ಟಲೆ ಓಡಾಟ.

ನರಕ್ಕೆ ತಗುಲಿದೆ, ರೂಟ್ ಕೆನಾಲ್ ಆಗಲೇಬೇಕು ಅಂದರು. ಆದರೆ ಆ ಹಲ್ಲಿನ ಬೇರು ಬಾಗಿದೆ, ಅದಕ್ಕೆ ಎಂಡೊಡಾಂಟಿಸ್ಟ್, ಅಂದರೆ ರೂಟ್ ಕೆನಾಲ್ ತಜ್ಞರ ಹತ್ತಿರ ಹೋಗಿ ಅಂತ ಒಂದು ಚೀಟಿ ಕೊಟ್ಟರು. ಚೀಟಿಯಲ್ಲಿ ಬರೆದಿದ್ದ ತಜ್ಞರಿಗೆ ಮನೆಗೆ ಬರುವ ಮೊದಲೇ, ಕಾರಿನಲ್ಲೇ ಕೂತು ಫೋನ್ ಮಾಡಿದೆ. ಅವರು ನಮ್ಮ ನೆಟ್‌ವರ್ಕಿನಲ್ಲಿ ಇರಲಿಲ್ಲ! ಡಾಕ್ಟರ್ ಒಳಗಿದ್ದರೆ ಅವರು ಕಳಿಸುವ ತಜ್ಞರೂ ಒಳಗಿರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ವಾಪಸ್ ಒಳಗೆ ಹೋಗಿ, ‘ನಮ್ಮ ನೆಟ್‌ವರ್ಕಿನವರ ಹೆಸರು ಇದ್ದರೆ ಕೊಡಿ’ ಅಂತ ಕೇಳಿದೆ. ಮುಖ ಗಂಟು ಹಾಕಲಿಲ್ಲ. ಇನ್ನೆರಡು ಹೆಸರು ಕೊಟ್ಟರು, ಎಕ್ಸ್‌ರೇಯನ್ನು ಕಂಪ್ಯೂಟರಿನಲ್ಲೇ ಕಳಿಸಿದರು. ಎರಡನೆಯವರು ಸಿಕ್ಕಿದರು. ಕೇಳೋಕೆ ಸಂಕೋಚ ಪಡಬೇಡಿ. ನಮ್ಮ ಹೆಣ್ಣುಮಕ್ಕಳು ಡಾಕ್ಟರ ಮುಂದೆ ದುಡ್ಡಿನ ಮಾತು ಎತ್ತೋಕೆ ಹಿಂಜರಿಯುತ್ತಾರೆ. ನಾನೂ ಹಾಗೇ ಇದ್ದೆ.

ಈಗ ಲೆಕ್ಕಕ್ಕೆ ಬರೋಣ. ಆ ಹಾಸನದ ಅಕ್ಕ ನನ್ನ ಅಡುಗೆಮನೆ ಟೇಬಲಿನ ಮುಂದೆ ಕೂತು ಬರೆದುಕೊಟ್ಟ ಲೆಕ್ಕ ಇನ್ನೂ ಆ ನೋಟ್‌ಬುಕ್ಕಿನಲ್ಲಿದೆ. ಏಪ್ರಿಲ್‌ನ ಕ್ಲೀನಿಂಗ್‌ಗೆ ಇನ್ಶೂರೆನ್ಸ್ ಕೊಟ್ಟ 170, ಶುಕ್ರವಾರದ ಚೆಕಪ್ಪು ಎಕ್ಸ್‌ರೇಗೆ 60. ಒಟ್ಟು 230 ಹೋಯಿತು. ಉಳಿದಿದ್ದು 770. ಕರಾರಿನ ರೇಟಿನಲ್ಲಿ ರೂಟ್ ಕೆನಾಲ್ 850. ಅದರಲ್ಲಿ ಡಿಡಕ್ಟಿಬಲ್ 50 ಕಳೆದು 800ಕ್ಕೆ ಶೇಕಡ 80, ಅಂದರೆ ಅವರು 640, ನಾನು 210. ಹಲ್ಲನ್ನು ಕಟ್ಟಿ ತುಂಬಿಸುವ ಕೆಲಸಕ್ಕೆ 200, ಅರ್ಧ ಅರ್ಧ. ಅಲ್ಲಿಗೆ ಅವರದು 740. ಮಿಕ್ಕಿದ್ದು 30 ಡಾಲರ್. ಕ್ಯಾಪ್ ಇನ್ನೂ ಬಾಕಿ, ಅದರ ರೇಟು 1000.

‘ಕ್ಯಾಪ್ ಡಿಸೆಂಬರ್‌ನಲ್ಲಿ ಹಾಕಿಸಿದರೆ ನಿನಗೆ ಸಿಗೋದು 30. ಜನವರಿಯಲ್ಲಿ ಹಾಕಿಸಿದರೆ ಹೊಸ ವರ್ಷದ 1000 ಶುರುವಾಗಿರುತ್ತೆ. ಮತ್ತೆ 50 ಡಿಡಕ್ಟಿಬಲ್ ಹೋದರೂ 475 ಸಿಗುತ್ತೆ’ ಅಂತ ಅಂಕಿ ಕೆಳಗೆ ಎರಡು ಗೆರೆ ಎಳೆದರು. 445 ಡಾಲರಿನ ವ್ಯತ್ಯಾಸ! ಆದರೆ ಇದನ್ನು ನಾವಾಗೇ ತೀರ್ಮಾನ ಮಾಡಬಾರದು. ಒಳಗೆ ನರ ತೆಗೆದ ದವಡೆ ಹಲ್ಲು ಕ್ಯಾಪ್ ಇಲ್ಲದೆ ಸೀಳಿದರೆ ಹಲ್ಲೇ ಹೋಗುತ್ತೆ. ಡಾಕ್ಟರನ್ನು ಕೇಳಿದೆ. ಹಲ್ಲಿನ ಗೋಡೆ ಗಟ್ಟಿಯಿದೆ, ಐದಾರು ವಾರ ಕಾಯಬಹುದು, ಆ ಕಡೆ ಅಗಿಯಬೇಡಿ ಅಂದರು. ಆ ವಾರಗಳಲ್ಲಿ ಚಕ್ಕುಲಿ, ಹುರಿಗಡಲೆ ಮುಟ್ಟಲಿಲ್ಲ. ಕ್ಯಾಪಿನ ದುಡ್ಡನ್ನು ಹಲ್ಲು ಕೊರೆದ ದಿನಕ್ಕೆ ಲೆಕ್ಕ ಹಾಕುತ್ತಾರೋ, ಅಂಟಿಸಿದ ದಿನಕ್ಕೋ ಅಂತಲೂ ಕೇಳಿ. ಪ್ಲ್ಯಾನಿನಿಂದ ಪ್ಲ್ಯಾನಿಗೆ ಬೇರೆ ಇರುತ್ತೆ. ನಮ್ಮದರಲ್ಲಿ ಅಂಟಿಸಿದ ದಿನ. ನಾನು ಎರಡನ್ನೂ ಜನವರಿಗೇ ಇಟ್ಟುಕೊಂಡೆ.

ಜನವರಿಗೆ ಇನ್ನೂ ಸಮಯ ಇತ್ತಲ್ಲ, ಅಷ್ಟರಲ್ಲಿ ಕ್ಯಾಪಿಗೆ ಪ್ರೀ-ಟ್ರೀಟ್‌ಮೆಂಟ್ ಎಸ್ಟಿಮೇಟ್ ಕಳಿಸಿ ಅಂತ ಆಫೀಸಿನವರಿಗೆ ಹೇಳಿದೆ. ಮಾಡಲಿರುವ ಕೆಲಸದ ಕೋಡು, ಹಲ್ಲಿನ ನಂಬರ್, ಎಕ್ಸ್‌ರೇ ಎಲ್ಲ ಸೇರಿಸಿ ಇನ್ಶೂರೆನ್ಸಿಗೆ ಕಳಿಸುತ್ತಾರೆ. ‘ನಾವು ಇಷ್ಟು ಕೊಡ್ತೀವಿ, ಪೇಷಂಟ್ ಇಷ್ಟು ಕೊಡಬೇಕು’ ಅಂತ ಉತ್ತರ ಬರುತ್ತೆ. ಕೋಡುಗಳಿಗೆ ಹೆದರಬೇಕಿಲ್ಲ. ರೂಟ್ ಕೆನಾಲ್‌ಗೆ ಡಿ3330, ಕಟ್ಟಿ ತುಂಬಿಸೋದಕ್ಕೆ ಡಿ2950, ಪಿಂಗಾಣಿ ಕ್ಯಾಪ್‌ಗೆ ಡಿ2740. ಈ ಮೂರನ್ನೂ ನಾನು ಬರೆದಿಟ್ಟುಕೊಂಡಿದ್ದೆ. ಎರಡೂವರೆ ವಾರದಲ್ಲಿ ಉತ್ತರ ಬಂತು. ಅದು ಗ್ಯಾರಂಟಿಯಲ್ಲ ಅಂತ ಕೆಳಗೆ ಬರೆದಿರುತ್ತಾರೆ. ಆದರೂ ಇದನ್ನು ಕೇಳದೆ ದೊಡ್ಡ ಕೆಲಸಕ್ಕೆ ಬಾಯಿ ತೆರೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನೋವಿನ ರೂಟ್ ಕೆನಾಲ್ ಅಷ್ಟು ದಿನ ಕಾಯೋದಿಲ್ಲ, ಅದಕ್ಕೆ ಫೋನಿನ ಉತ್ತರವೇ ಸಾಕು ಅಂತ ಮುಂದುವರಿದೆ.

ಜನವರಿ ಮೂರನೇ ವಾರ ಕ್ಯಾಪ್ ಕೂತಿತು. ಯಾರ ಪಾಲು ಎಷ್ಟು ಅಂತ ತಿಳಿಸೋಕೆ ಇನ್ಶೂರೆನ್ಸಿನಿಂದ ಬಂದ ಇಒಬಿ ಕಾಗದದಲ್ಲಿ ನನ್ನ ಪಾಲು 525 ಅಂತ ಇತ್ತು. ನೋಟ್‌ಬುಕ್ಕಿನಲ್ಲೂ 525.

ನಮ್ಮನೆಯವರದು ಬೇರೆ ಕಥೆ. ಅವರ ಒಂದು ಹಲ್ಲನ್ನು ಅಮೆರಿಕಕ್ಕೆ ಬರುವ ಮೊದಲೇ ಶಿವಮೊಗ್ಗದಲ್ಲಿ ಕೀಳಿಸಿದ್ದರು. ಆ ಜಾಗಕ್ಕೆ ಹಲ್ಲು ಕಟ್ಟಿಸೋಣ ಅಂತ ಕೇಳಿದರೆ, ಪ್ಲ್ಯಾನ್ ಶುರುವಾಗುವ ಮೊದಲೇ ಹೋದ ಹಲ್ಲಿಗೆ ದುಡ್ಡು ಕೊಡೋದಿಲ್ಲ ಅಂತ ಒಂದು ಷರತ್ತು ಇದೆಯಂತೆ. ಇನ್-ನೆಟ್‌ವರ್ಕ್ ಡಾಕ್ಟರ್ ಸಿಕ್ಕರೂ ಏನೂ ಪ್ರಯೋಜನ ಇಲ್ಲ. ಅದನ್ನು ಊರಿಗೆ ಹೋದಾಗ ಬೆಂಗಳೂರಿನಲ್ಲಿ ಕಟ್ಟಿಸಿಕೊಂಡರು. ಬಹಳ ಜನ ಕನ್ನಡಿಗರು ಹಾಗೇ ಮಾಡುತ್ತಾರೆ, ತಪ್ಪೇನೂ ಇಲ್ಲ. ಮೂರು ವಾರದ ರಜೆಯಲ್ಲಿ ಮುಗಿಯುವ ಕೆಲಸ ಹೌದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಮಾಡಿಸಿದ್ದರ ಎಕ್ಸ್‌ರೇ ತಪ್ಪದೆ ತನ್ನಿ.

ಡಾಲಸ್‌ನಲ್ಲಿರುವ ನನ್ನ ತಂಗಿ ಡಿಎಚ್‌ಎಂಒ ಪ್ಲ್ಯಾನ್ ತಗೊಂಡಿದ್ದಾಳೆ. ಪ್ರೀಮಿಯಂ ಕಡಿಮೆ, ವರ್ಷದ ಮಿತಿ ಇಲ್ಲ, ಪ್ರತಿ ಕೆಲಸಕ್ಕೂ ಎಷ್ಟು ಕೊಡಬೇಕು ಅಂತ ಅಚ್ಚಾದ ಪಟ್ಟಿ ಇದೆ. ಆದರೆ ಅವಳು ಒಬ್ಬ ಡಾಕ್ಟರನ್ನು ಆರಿಸಿ ಇನ್ಶೂರೆನ್ಸಿಗೆ ಹೇಳಿರಬೇಕು. ಬೇರೆಯವರ ಹತ್ತಿರ ಹೋದರೆ ಒಂದು ಪೈಸೆಯೂ ಸಿಗೋದಿಲ್ಲ. ತಜ್ಞರ ಹತ್ತಿರ ಹೋಗೋಕೂ ಅವರ ಚೀಟಿ ಬೇಕು. ಮನೆ ಹತ್ತಿರ ಒಳ್ಳೆ ಡಾಕ್ಟರ್ ಆ ಪಟ್ಟಿಯಲ್ಲಿದ್ದರೆ ಅದು ಚೆನ್ನಾಗಿಯೇ ಇದೆ. ನವೆಂಬರ್ ಆಸುಪಾಸಿನಲ್ಲಿ ಕಂಪನಿಯವರು ಪ್ಲ್ಯಾನ್ ಆರಿಸೋಕೆ ಹೇಳಿದಾಗ ಮೊದಲು ಡಾಕ್ಟರನ್ನು ನೋಡಿ, ಆಮೇಲೆ ಪ್ಲ್ಯಾನ್ ಆರಿಸಿ. ನಾವೆಲ್ಲ ಉಲ್ಟಾ ಮಾಡುತ್ತೇವೆ.

ಸ್ವಂತವಾಗಿ ಪ್ಲ್ಯಾನ್ ಕೊಳ್ಳುವವರು ಕಾಯುವ ಅವಧಿಯನ್ನು ನೋಡಿಕೊಳ್ಳಿ. ಕ್ಯಾಪ್‌ನಂಥ ದೊಡ್ಡ ಕೆಲಸಕ್ಕೆ ಒಂದು ವರ್ಷ ಕಾಯಬೇಕಾದ ಪ್ಲ್ಯಾನ್‌ಗಳು ಬಹಳ ಇವೆ. ಇನ್ಶೂರೆನ್ಸೇ ಇಲ್ಲದವರು, ಓದೋಕೆ ಬಂದ ಮಕ್ಕಳು, ದಯವಿಟ್ಟು ನೋವು ನುಂಗಿಕೊಂಡು ಕೂರಬೇಡಿ. ನ್ಯೂಆರ್ಕ್‌ನಲ್ಲಿ ರಟ್‌ಗರ್ಸ್ ಯೂನಿವರ್ಸಿಟಿಯ ಡೆಂಟಲ್ ಸ್ಕೂಲ್ ಇದೆ. ಅಲ್ಲಿ ವಿದ್ಯಾರ್ಥಿಗಳು ಪ್ರೊಫೆಸರುಗಳ ಕಣ್ಣೆದುರಿನಲ್ಲೇ ಕೆಲಸ ಮಾಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತೆ, ಖರ್ಚು ಕಡಿಮೆ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜಿಗೆ ಹೋಗಿ ಬೆಂಚಿನ ಮೇಲೆ ಕಾದವರಿಗೆ ಇದು ಹೊಸದಲ್ಲ.

ಅಪ್ಪ ಅಮ್ಮ ಬರುವುದಿದ್ದರೆ, ವಿಮಾನ ಹತ್ತುವ ಮೊದಲು ಅವರ ಹಲ್ಲು ತೋರಿಸಿಕೊಂಡು ಬರಲಿ. ಇಲ್ಲಿಗೆ ಬರುವವರಿಗೆ ತಗೊಳ್ಳುವ ವಿಸಿಟರ್ ಇನ್ಶೂರೆನ್ಸ್‌ಗಳು ಹಲ್ಲಿನ ಮಾಮೂಲಿ ಚಿಕಿತ್ಸೆಗೆ ಕೊಡೋದಿಲ್ಲ. ಕೊಟ್ಟರೆ ದಿಢೀರ್ ನೋವಿಗೆ ಒಂದಿಷ್ಟು. ಅಮ್ಮ ಬಂದಾಗ ಅವರ ಒಂದು ಹಲ್ಲು ಅಲ್ಲಾಡುತ್ತಿತ್ತು. ಆರು ತಿಂಗಳೂ ಮೆತ್ತಗಿನ ಅನ್ನ, ನೆನೆಸಿದ ಮಂಡಕ್ಕಿ ತಿಂದುಕೊಂಡಿದ್ದರು. ಅದನ್ನು ನೋಡುತ್ತಾ ನನಗೆ ಊಟ ರುಚಿಸುತ್ತಿರಲಿಲ್ಲ. ಹೊರಡುವ ಮುಂಚೆ ನಾನೇ ನೆನಪಿಸಬೇಕಿತ್ತು.

ಕ್ಯಾಪ್ ಹಾಕಿಸಿದ ಮೇಲೆ ಆ ಡಾಕ್ಟರೇ ನಮ್ಮ ಮನೆಯ ಡಾಕ್ಟರ್ ಆದರು. ಮಗನನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಕೈ ಹಗುರ, ಮಾತು ಮೆತ್ತಗೆ. ಆದರೂ ಪ್ರತಿ ಆರು ತಿಂಗಳ ಕ್ಲೀನಿಂಗ್‌ಗೆ ಮುಂಚೆ ಒಂದು ಫೋನ್ ಮಾಡೋದು ಬಿಟ್ಟಿರಲಿಲ್ಲ. ಈ ಸೆಪ್ಟೆಂಬರ್‌ನಲ್ಲಿ ಮಾಡಿದೆ. ಟೇಬಲಿನಲ್ಲಿ ಹೊಸ ಹುಡುಗಿ. ಕಾರ್ಡಿನ ನಂಬರ್ ಹೇಳಿದೆ. ‘ಹಾ, ತಗೋತೀವಿ’ ಅಂದಳು. ‘ಇನ್-ನೆಟ್‌ವರ್ಕ್ ಇದ್ದೀರಾ?’ ಅಂದೆ. ಒಂದು ನಿಮಿಷ ಸುಮ್ಮನಾದಳು, ಯಾರನ್ನೋ ಕೇಳಿ ಬಂದಳು. ‘ಜುಲೈನಿಂದ ಇಲ್ಲ’ ಅಂದಳು.

ಬೇಜಾರಾಯಿತು. ಡಾಕ್ಟರ ಮೇಲೆ ಕೋಪ ಬರಲಿಲ್ಲ, ಅವರ ಲೆಕ್ಕ ಅವರಿಗೆ. ನಮ್ಮ ಎಕ್ಸ್‌ರೇಗಳನ್ನು ಈಮೇಲ್ ಮಾಡಿ ಅಂತ ಕೇಳಿದೆ, ಅದೇ ದಿನ ಕಳಿಸಿದರು. ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆಗೆದು ಗೆರೆ ಎಳೆದೆ. ಈ ಸಲ ನಾಲ್ಕನೇ ಫೋನಿಗೇ ಮೆಟಚನ್‌ನಲ್ಲಿ ಒಬ್ಬರು ಸಿಕ್ಕಿದ್ದಾರೆ. ಎನ್‌ಪಿಐ ಬರೆದುಕೊಂಡೆ, ಇನ್ಶೂರೆನ್ಸಿಗೆ ಹೇಳಿ ಖಚಿತ ಮಾಡಿಕೊಂಡೆ, ರೆಫರೆನ್ಸ್ ನಂಬರ್ ಪಕ್ಕದಲ್ಲೇ ಬರೆದಿದ್ದೇನೆ. ಮುಂದಿನ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಬನ್ನಿ ಅಂದಿದ್ದಾರೆ.